ಫಕ್ಕೀರೇಶನ ಜಾಗ

ನಮ್ಮ ಊರಿಗೆ ಹೆಣ್ಣು ಕೊಡುವವರು ಮನೆಯೊಳಗೆ ಕಾಲಿಡುವ ಮೊದಲು ಮನೆ ಮುಂದಿನ ಜಾಗ ನೋಡುತ್ತಾರೆ. ನನ್ನ ಅಪ್ಪ ಪರ ಊರಿನವನು, ಅವನಿಗೆ ಇದೆಲ್ಲ ಗೊತ್ತಿರಲಿಲ್ಲ. ಅಡುಗೆಮನೆಗೆ ಬೆಳಕು ಚೆನ್ನಾಗಿದೆ, ಅತ್ತೆ ಒಬ್ಬಳೇ, ಹುಡುಗ ಕುಡಿಯುವುದಿಲ್ಲ ಎಂದು ಖುಷಿಪಟ್ಟು ನನ್ನನ್ನು ಫಕ್ಕೀರೇಶನಿಗೆ ಕೊಟ್ಟ. ಮದುವೆಯಾಗಿ ಬಂದ ದಿನ ಆರತಿಗೂ ಮೊದಲು ಅತ್ತೆ ಶಿವಗಂಗವ್ವ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಗೋಡೆಯ ಪಕ್ಕದ ಒಂದು ಚಪ್ಪಟೆ ಕಲ್ಲು ತೋರಿಸಿ, "ಕಸ್ತೂರಿ, ಇದು ನಿಂದು. ಚಪ್ಲಿ ಇದರ ಮ್ಯಾಲ ಬಿಡು" ಎಂದಳು. ಇದೆಂಥ ಮಡಿವಂತಿಕೆಯಪ್ಪಾ ಎಂದುಕೊಂಡು ಬಿಟ್ಟೆ. ಕಲ್ಲಿನ ಪಕ್ಕದಲ್ಲಿ ಸುಣ್ಣದ ಗೆರೆ ಎಳೆದ, ಒಂದು ಟೆಂಪೋ ಹಿಡಿಯುವಷ್ಟು ಜಾಗವಿತ್ತು. ಅದು ನನ್ನ ಗಂಡನದು.

ಇಲ್ಲಿ ಹುಟ್ಟಿದವರಿಗೆ, ಮದುವೆಯಾಗಿ ಬಂದವರಿಗೆ, ಎಲ್ಲರಿಗೂ ಮನೆ ಮುಂದೆ ಒಂದು ಜಾಗ. ಗಾಡಿ ಇದ್ದವರಿಗೆ ಗಾಡಿಯಷ್ಟು, ಸೈಕಲ್ ಇದ್ದವರಿಗೆ ಸೈಕಲ್ಲಿನಷ್ಟು, ನಡೆದು ಹೋಗುವವರಿಗೆ ಚಪ್ಪಲಿಯಷ್ಟು. ಊರು ಬಿಟ್ಟು ಹೋದವರು ತಿರುಗಿ ಬರುವಾಗ ಅವರ ಜಾಗ ಖಾಲಿ ಇರಬೇಕು. ಅಲ್ಲಿ ಏನಾದರೂ ನಿಂತಿದ್ದರೆ ಅವರಿಗೆ ಊರು ಸಿಗುವುದಿಲ್ಲ. ಕಾಲುವೆಯ ಸೇತುವೆ ದಾಟುತ್ತಾರೆ, ಹಿಟ್ಟಿನ ಗಿರಣಿ ಕಾಣುತ್ತದೆ, ಗಿರಣಿಯ ತಿರುವಿನಲ್ಲಿ ಹೊರಳಿದರೆ ಮುಂದಿನ ಊರಿನ ಪೆಟ್ರೋಲ್ ಪಂಪು. ಹಿಂದಕ್ಕೆ ಬಂದರೆ ಮತ್ತೆ ಗಿರಣಿ, ಮತ್ತೆ ಸೇತುವೆ. ಯಾಕೆ ಹೀಗೆ ಎಂದು ಮೊದಮೊದಲು ನಾನು ಕೇಳುತ್ತಿದ್ದೆ. ನೀರು ಯಾಕೆ ಒದ್ದೆ ಎಂದು ಕೇಳಿದವಳನ್ನು ನೋಡುವಂತೆ ಓಣಿಯವರು ನನ್ನನ್ನು ನೋಡುತ್ತಿದ್ದರು. ಆಮೇಲೆ ಕೇಳುವುದು ಬಿಟ್ಟೆ.

ಪರ ಊರಿನವರಿಗೆ ಈ ತಾಪತ್ರಯವಿಲ್ಲ. ಅವರಿಗೆ ಇಲ್ಲಿ ಜಾಗವೂ ಇಲ್ಲ, ಕಾಯುವವರೂ ಇಲ್ಲ, ಹಾಗಾಗಿ ದಾರಿ ಸದಾ ತೆರೆದಿರುತ್ತದೆ. ಬರುತ್ತಾರೆ, ಖಾಲಿ ಕಂಡಲ್ಲಿ ಗಾಡಿ ನಿಲ್ಲಿಸಿ ಹೋಗುತ್ತಾರೆ. ಅಲ್ಲಿ ಕಲ್ಲು, ಕುರ್ಚಿ, ಹೂಕುಂಡ ಏನನ್ನೂ ನಾವು ಅಡ್ಡ ಇಡುವಂತಿಲ್ಲ, ಇಟ್ಟರೆ ನಮ್ಮವರಿಗೇ ದಾರಿ ತಪ್ಪುತ್ತದೆ. ದಿನಾ ಗುಡಿಸಿ ನೀರು ಚಿಮುಕಿಸಿ ಚೊಕ್ಕಟವಾಗಿ ಇಟ್ಟ ಜಾಗ ಕಂಡರೆ ಯಾರಿಗೆ ತಾನೆ ಗಾಡಿ ನಿಲ್ಲಿಸಬೇಕು ಅನಿಸುವುದಿಲ್ಲ? ಮೊದಲೆಲ್ಲ ಸಂತೆಗೆ ಬರುವ ಒಂದೆರಡು ಗಾಡಿ ಬಿಟ್ಟರೆ ಕಾಟವಿರಲಿಲ್ಲ. ಓಣಿಯ ತುದಿಗೆ ಮಂಗಲ ಕಾರ್ಯಾಲಯ ಕಟ್ಟಿದ ಮೇಲೆ, ಲಗ್ನದ ವಾದ್ಯ ಕೇಳಿದರೆ ನಮ್ಮ ಎದೆ ಹೊಡೆದುಕೊಳ್ಳತೊಡಗಿತು.

ಗಾಡಿ ಎತ್ತಿ ಆಚೆ ಇಟ್ಟರಾಯಿತಲ್ಲ ಎಂದು ನಿಮಗೆ ಅನಿಸಬಹುದು. ಆಗುವುದಿಲ್ಲ. ನಿಲ್ಲಿಸಿದವನ ಕೈಯಿಂದಲೇ ಅದು ಹೋಗಬೇಕು. ಎದುರು ಮನೆಯ ಗೂಳಪ್ಪನ ಮಗಳು ಒಮ್ಮೆ ಪರೀಕ್ಷೆ ಬರೆದು ಬರುವ ಹೊತ್ತಿಗೆ ಅವಳ ಸ್ಕೂಟಿಯ ಜಾಗದಲ್ಲಿ ಯಾರದೋ ಕಾರು ನಿಂತಿತ್ತು. ಗಂಡಸರೆಲ್ಲ ಸೇರಿ ಅದನ್ನು ಎತ್ತಿ ಗಟಾರದ ಆಚೆ ಇಟ್ಟರು. ಜಾಗ ಖಾಲಿಯಾಯಿತು, ಹುಡುಗಿಗೆ ಊರು ಸಿಗಲಿಲ್ಲ. ಕಾರಿನವನು ಉಂಡು ಎಲೆಯಡಿಕೆ ಹಾಕಿಕೊಂಡು ಬಂದು, ಬಾಯಿಗೆ ಬಂದಂತೆ ಬೈದು, ಸಿಟ್ಟಿಗೆ ಮತ್ತೆ ಅಲ್ಲೇ ತಂದು ನಿಲ್ಲಿಸಿ ಹೋದ. ಅವನು ಗಾಡಿ ಒಯ್ಯುವ ತನಕ ಹುಡುಗಿ ಊರ ಹೊರಗೇ ಉಳಿದಳು. ಅಂದಿನಿಂದ ನಮ್ಮ ಓಣಿಯವರು ಪರ ಊರಿನವರನ್ನು ಅಳಿಯನನ್ನು ಕಂಡಂತೆ ಕಾಣುತ್ತಾರೆ. ಗಾಡಿ ಬಂತೆಂದರೆ ಯಾರಾದರೂ ಮಜ್ಜಿಗೆ ಹಿಡಿದು ಓಡುತ್ತಾರೆ. "ದಣದ ಬಂದೀರಿ, ಕುಡೀರಿ. ಅಲ್ಲಿ ಬೇವಿನ ಗಿಡದ ಕೆಳಗ ತಣ್ಣಗೈತ್ರಿ, ಅಲ್ಲಿ ನಿಲ್ಸಿದ್ರ ಗಾಡಿ ಕಾಯಂಗಿಲ್ಲ" ಎನ್ನುತ್ತಾರೆ. ಇಂಥ ಒಳ್ಳೆಯ ಜನ ಎಲ್ಲೂ ಇಲ್ಲ ಎಂದು ಹೊರಗೆ ನಮಗೆ ಹೆಸರು ಬಂದಿದೆ. ಒಳಗೊಳಗೇ ಹಲ್ಲು ಕಡಿಯುವುದು ನಮಗಷ್ಟೇ ಗೊತ್ತು.

ಸತ್ತವರ ಜಾಗವನ್ನು ಮಾತ್ರ ನಾವು ಬಿಟ್ಟುಕೊಡುತ್ತೇವೆ. ಬೇರೆ ಯಾರದಾದರೂ ಗಾಡಿ ತಂದು ಅಲ್ಲಿ ನಿಲ್ಲಿಸಿ, ತಂಬಿಗೆ ನೀರಿನಿಂದ ಅದರ ಸುತ್ತ ಗೆರೆ ಎಳೆದು, ಗಾಡಿಯ ಮೇಲೆ ಬೆಲ್ಲದ ಚೂರು ಇಟ್ಟು, "ಈ ಜಾಗ ಇನ್ನು ನಮ್ಮವರದಲ್ಲ" ಎಂದು ಮನೆಯವರು ಹೇಳಬೇಕು. ಬದುಕಿದ್ದವನ ಜಾಗ ಬಿಟ್ಟದ್ದು ಈ ಓಣಿಯಲ್ಲಿ ಒಮ್ಮೆ ಮಾತ್ರ. ಗೂಳಪ್ಪನ ಅಣ್ಣ ಬಹಳ ವರ್ಷ ಪತ್ತೆಯಿಲ್ಲದೆ ಹೋದಾಗ, ಸತ್ತಿರಬೇಕು ಎಂದು ಮನೆಯವರು ಬಿಟ್ಟುಕೊಟ್ಟಿದ್ದರು. ಮುಂದೊಂದು ದಿನ ಆತ ಬಂದ. ತನ್ನದೇ ಮನೆಯ ಕಟ್ಟೆಯ ಮೇಲೆ ಕೂತು, ತನ್ನದೇ ತಮ್ಮನನ್ನು "ಇಲ್ಲಿ ಒಳ್ಳೆ ಕಂಬಳಿ ಎಲ್ಲಿ ಸಿಗ್ತಾವ್ರಿ?" ಎಂದು ಕೇಳಿದ. ಗೂಳಪ್ಪ ಅಳುತ್ತ ಅಪ್ಪಿಕೊಂಡರೆ, ಪಾಪ ಯಾರೋ ತಲೆ ಕೆಟ್ಟವನು ಎಂದು ಬೆನ್ನು ಸವರಿ ಸಮಾಧಾನ ಹೇಳಿ ಬಸ್ಸು ಹತ್ತಿದ. ಜಾಗ ಹೋದವನಿಗೆ ದಾರಿ ತೆರೆಯುತ್ತದೆ, ಆದರೆ ಮನೆ ಮರೆತುಹೋಗುತ್ತದೆ. ಒಮ್ಮೆ ಬಿಟ್ಟ ಜಾಗ ಮತ್ತೆ ಅದೇ ಮನುಷ್ಯನಿಗೆ ಹತ್ತುವುದಿಲ್ಲ.

ಫಕ್ಕೀರೇಶ ಮೊಟ್ಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮೊಟ್ಟೆಯವನೆಂದರೆ ನಿಧಾನ ತಾನೇ, ಅದರ ಮೇಲೆ ಇವನಿಗೆ ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುವ ಚಾಳಿ. ಆಸ್ಪತ್ರೆಗೆ ಹೋಗುವ ಮುದುಕಿಯನ್ನು ಬಿಟ್ಟು ಬರಲು ತನ್ನ ದಾರಿ ಬಿಟ್ಟು ಎಷ್ಟೋ ದೂರ ಹೋಗಿ ಬರುತ್ತಿದ್ದ. "ನಿನಗ ಒಲ್ಲೆ ಅನ್ನಾಕ ನಾಲಗಿ ಇಲ್ಲೇನು?" ಎಂದು ನಾನು ಜಗಳ ತೆಗೆದರೆ ನಗುತ್ತಿದ್ದ. ಗಂಡನಿಗೆ ನೀನು ಅನ್ನುತ್ತೀಯಾ ಎಂದು ಅತ್ತೆ ಮಾತ್ರ ನನ್ನನ್ನು ಗದರುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಅವಳು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ.

ಆ ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದಳು. ಕಣ್ಣು ಮಂಜಾಯಿತು, ಕಿವಿ ದೂರವಾಯಿತು. ಫಕ್ಕೀರೇಶ ಮೊಟ್ಟೆ ಹೇರಿಕೊಂಡು ಹೋದ ಮರುದಿನ ಬೆಳಿಗ್ಗೆ ಅವಳ ಉಸಿರು ಬೇರೆ ತೆರನಾಯಿತು. ನರ್ಸಮ್ಮ ಬಂದು ಕೈ ಹಿಡಿದು ನೋಡಿ, "ಮಗನ್ನ ಕರಸ್ರಿ. ಹಾಸಿಗಿಯಿಂದ ಎತ್ತಬ್ಯಾಡ್ರಿ, ಎತ್ತಿದ್ರ ಉಸಿರು ನಿಲ್ಲತೈತಿ. ಸಂಜಿತನಕ ಇದ್ರ ದೊಡ್ಡದು" ಎಂದು ಹೋದಳು. ಫೋನ್ ಮಾಡಿದೆ. ಮಧ್ಯಾಹ್ನದೊಳಗೆ ಬರುತ್ತೇನೆ ಎಂದ. ಅಂದು ಕಾರ್ಯಾಲಯದಲ್ಲಿ ದೊಡ್ಡ ಲಗ್ನ. ಪಕ್ಕದ ಮನೆಯ ಹುಸೇನಬಿ ತಾನೇ ಬಂದು, "ನೀ ಒಳಗ ಅತ್ತಿ ಹಂತೇಕ ಇರು, ಜಾಗಾ ನಾ ಕಾಯ್ತೀನಿ" ಎಂದು ಬಿಸಿಲಲ್ಲಿ ಕೂತಳು. ಅವಳ ಒಲೆಯ ಮೇಲಿನ ಹಾಲು ಉಕ್ಕಿತು. ಒಳಗೆ ಹೋಗಿ ಬರುವಷ್ಟರಲ್ಲಿ ಸುಣ್ಣದ ಗೆರೆಯೊಳಗೆ ಒಂದು ಕರಿ ಕಾರು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ.

ಹುಸೇನಬಿ ತಲೆ ತಲೆ ಚಚ್ಚಿಕೊಂಡಳು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಹೊತ್ತೂ ಇರಲಿಲ್ಲ. ಗೂಳಪ್ಪ ಮಜ್ಜಿಗೆಯ ಚೊಂಬು ಹಿಡಿದುಕೊಂಡೇ ಕಾರ್ಯಾಲಯಕ್ಕೆ ಓಡಿ, ಪಂಗ್ತಿಯಿಂದ ಪಂಗ್ತಿಗೆ ಹೋಗಿ, ಕರಿ ಕಾರಿನ ಸಾಹೇಬರು ಯಾರು ಎಂದು ಉಣ್ಣುವವರನ್ನೆಲ್ಲ ಕೇಳಿದ. ಆ ಮನುಷ್ಯ ಅಲ್ಲಿರಲೇ ಇಲ್ಲ. ಹೆಣ್ಣಿನ ಕಡೆಯವರ ಬಸ್ಸಿನಲ್ಲಿ ಗಂಡಿನ ಊರಿಗೆ ಹೊರಟುಹೋಗಿದ್ದ. ಗೂಳಪ್ಪ ವ್ಯವಸ್ಥಾಪಕರ ಕಾಲು ಹಿಡಿದು ಆ ಮನುಷ್ಯನ ನಂಬರು ತಂದ. ನಾನು ಮಾತಾಡಿದೆ.

"ಅಯ್ಯೋ, ಐದು ನಿಮಿಷ ಅಂತ ನಿಲ್ಸಿದ್ದೆ ಕಣಮ್ಮ" ಎಂದ ಆತ. ದನಿ ಒಳ್ಳೆಯದಿತ್ತು. "ಇವರೆಲ್ಲ ಕೈ ಹಿಡ್ಕೊಂಡು ಬಸ್ಸಿಗೆ ಹತ್ತಿಸ್ಬಿಟ್ರು. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಮಾಡ್ತೀನಿ."

"ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ, ಈಗ ಬರಾಕ ಆಗತೈತೇನು ನೋಡ್ರಿ. ಮನ್ಯಾಗ ಒಂದು ಜೀವ ಹೋಗಾಕತ್ತೈತಿ."

"ಈ ಬಸ್ಸು ಗಂಡಿನ ಊರು ಮುಟ್ಟೋ ತನಕ ಎಲ್ಲೂ ನಿಲ್ಲಲ್ಲ, ಅಲ್ಲಿಂದ ತಿರುಗಿ ಬರೋದ್ರಲ್ಲಿ ಮಧ್ಯರಾತ್ರಿ ಆಗುತ್ತಲ್ಲಮ್ಮ. ಆಂಬುಲೆನ್ಸಿಗೆ ಅಡ್ಡ ಆಗ್ತಿದ್ರೆ ಗಾಜು ಒಡೆದು ತಳ್ಳಿಸಿಬಿಡಿ. ನಾನೇನೂ ಅನ್ಕೊಳಲ್ಲ, ನಿಜವಾಗ್ಲೂ."

ಅದಕ್ಕಿಂತ ಹೆಚ್ಚಿಗೆ ಒಬ್ಬ ಮನುಷ್ಯ ಏನು ಹೇಳಬಲ್ಲ? ಕೆಟ್ಟವನಾಗಿದ್ದರೆ ಶಪಿಸಿಯಾದರೂ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಫಕ್ಕೀರೇಶನ ಫೋನ್ ಬಂತು. "ಕಸ್ತೂರಿ, ಸೇತುವಿ ದಾಟೀನಿ. ಊರ ಸಿಗವಲ್ದು. ಯಾರದರ ಗಾಡಿ ನಿಂತೈತೇನು?" ಹೌದೆಂದೆ. ಎಲ್ಲವನ್ನೂ ಹೇಳಿದೆ. ಮತ್ತೆ ತಿರುಗಿಸಿಕೊಂಡು ಬಂದು ನೋಡುತ್ತೇನೆ ಎಂದ. ಮತ್ತೆ ಗಿರಣಿ, ಮತ್ತೆ ಪೆಟ್ರೋಲ್ ಪಂಪು. ಹೊತ್ತು ಇಳಿಯುವ ತನಕ ಆ ಟೆಂಪೋ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಅಲೆಯಿತು. ನಡೆದುಕೊಂಡೂ ಬಂದು ನೋಡಿದ. ಕಾಲುವೆಯ ದಂಡೆಗುಂಟ ಹೊಲದೊಳಗಿಂದ ಬಂದರೆ ಪಂಪಿನ ಹಿಂಬದಿಗೆ ಹೋಗಿ ಮುಟ್ಟಿದನಂತೆ.

ಒಳಗೆ ಅತ್ತೆ ಕಣ್ಣು ಮುಚ್ಚಿಕೊಂಡೇ ಕೈ ಚಾಚುತ್ತಿದ್ದಳು. "ಫಕ್ಕೀರಾ, ಕೈ ಕೊಡೋ." ನಾನು ನನ್ನ ಕೈ ಕೊಟ್ಟೆ. ಮುಟ್ಟಿ ನೋಡಿ ಬಿಟ್ಟಳು. "ಇದು ನಿನ್ನ ಕೈ. ಅವನ ಕೈ ಕೊಡು." ಫೋನನ್ನು ಅವಳ ಕಿವಿಗೆ ಹಿಡಿದೆ, ಅವನು ಆ ಕಡೆಯಿಂದ ಅವ್ವಾ ಅವ್ವಾ ಎಂದು ಕೂಗಿದ. ಫೋನಿನ ಸಣ್ಣ ದನಿ ಅವಳ ಕಿವಿಗೆ ಮುಟ್ಟಲಿಲ್ಲ. ಗೂಳಪ್ಪ ಹತ್ತಿರ ಕೂತು ಕೈ ಹಿಡಿದ. "ಇಂವ ಗೂಳ್ಯಾ" ಎಂದು ಅದನ್ನೂ ಬಿಟ್ಟಳು. ಬುದ್ಧಿ ಇನ್ನೂ ಅಷ್ಟು ಚುರುಕಾಗಿತ್ತು. ಇಲ್ಲದಿದ್ದರೆ ನಮಗೆ ಎಷ್ಟು ಸುಲಭವಾಗುತ್ತಿತ್ತು.

ಫಕ್ಕೀರೇಶ ಮತ್ತೆ ಫೋನ್ ಮಾಡಿದ. "ಇನ್ನೂ ಕರೀತಾಳೇನು?"

"ಕರೀತಾಳ."

ಅವನು ಟೆಂಪೋದ ಎಂಜಿನ್ ನಿಲ್ಲಿಸಿದ. "ಜಾಗಾ ಬಿಟ್ಟಬಿಡು, ಕಸ್ತೂರಿ."

"ಹುಚ್ಚ ಹಿಡದೈತೇನು ನಿನಗ?" ನಾನು ಕಿರುಚಿದೆನೋ ಏನೋ, ಹೊರಗಿದ್ದ ಹುಸೇನಬಿ ಒಳಗೆ ಬಂದಳು.

"ಹೊರಗಿನಾಂವ ಆದ್ರರ ಬರ್ತೀನಲ್ಲ. ಆಕಿ ಕೈಯಾಗ ಕೈ ಇಡಾಕ ಬರತೈತಿ."

"ನೀ ಯಾರು, ಆಕಿ ಯಾರು ಅನ್ನೂದ ಗೊತ್ತಿರಂಗಿಲ್ಲ ನಿನಗ. ಬಂದು ಏನ ಮಾಡ್ತಿ?"

"ಆಕೀಗೆ ಗೊತ್ತಿರತೈತಿ. ಸಾಯೂದು ಆಕಿ, ನಾ ಅಲ್ಲ."

ನನಗೆ ಸಿಟ್ಟು ಬಂತು. ಅವನ ಮೇಲೆ ಬಂತು, ಒಳಗೆ ಕೈ ಚಾಚಿಕೊಂಡು ಮಲಗಿದವಳ ಮೇಲೂ ಬಂತು. ಅವಳು ಇವತ್ತಲ್ಲ ನಾಳೆ ಹೋಗುವವಳು, ನಾನು ಇನ್ನೂ ಬದುಕಬೇಕಾದವಳು. ಇದನ್ನು ಹೇಳಿಯೂ ಬಿಟ್ಟೆ. ಅವನು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಖರೇ ಐತಿ" ಎಂದ. "ನೀ ಒಲ್ಲೆ ಅಂದ್ರ ಬ್ಯಾಡ. ನಾಳೆ ಮುಂಜಾನೆ ಕಾರು ಹೋದಮ್ಯಾಲ ಬರ್ತೀನಿ. ಜಾಗಾ ಕಾಯಾಕಿ ನೀನು, ನಿನ್ನ ಮಾತ ಕಡೀ ಮಾತು."

ಹಾಗೆ ನನ್ನ ಮೇಲೆ ಬಿಟ್ಟದ್ದೇ ತಪ್ಪಾಯಿತು. ಜೋರು ಮಾಡಿದ್ದರೆ ಖಂಡಿತ ಒಲ್ಲೆ ಅನ್ನುತ್ತಿದ್ದೆ. ಅತ್ತೆ ಗೋಡೆಯ ಕಡೆ ಕೈ ಚಾಚಿ, ಗೋಡೆಯನ್ನೇ ತಡವಿ, ಮತ್ತೆ ಕರೆದಳು. ನಾಳೆ ಅವನು ಬಂದು ತಣ್ಣಗಾದ ಆ ಕೈ ಹಿಡಿದು ಕೂರುವುದು ನನಗೆ ಕಣ್ಣ ಮುಂದೆ ಬಂತು. ಆಮೇಲೆ ಅವನು ನನಗೆ ಏನೂ ಅನ್ನದೆ ಬದುಕಿಡೀ ಒಳ್ಳೆಯವನಾಗಿಯೇ ಇರುತ್ತಿದ್ದ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಮರತ ಮ್ಯಾಲ ನೀ ಇತ್ಲಾಗ ಯಾಕ ಬರ್ತಿ?" ಎಂದು ಕೇಳಿದೆ.

"ನೀ ಏನರ ಹೇಳಿ ಕರಿ. ನನಗ ಒಲ್ಲೆ ಅನ್ನಾಕ ನಾಲಗಿ ಇಲ್ಲಂತ ನೀನ ಅಂತಿದ್ದಿ" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಉಂಡೀಯಿಲ್ಲೋ?"

"ಇಲ್ಲ."

"ಏನರ ತಿನ್ನು" ಎಂದು ಫೋನ್ ಇಟ್ಟ. ನನ್ನ ಗಂಡ ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಹುಸೇನಬಿ ನನ್ನ ಸೆರಗು ಹಿಡಿದು ಎಳೆದಳು. "ಬ್ಯಾಡವ್ವ, ಕೈಯಾರೆ ಗಂಡನ್ನ ಕಳಕೊಳ್ತಿ" ಎಂದು ಅತ್ತಳು. ನಾನು ತಂಬಿಗೆ ತುಂಬಿಕೊಂಡು ಹೊರಗೆ ಬಂದೆ. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು, ಯಾರೂ ತಡೆಯಲಿಲ್ಲ. ಕರಿ ಕಾರಿನ ಸುತ್ತ ನೀರಿನ ಗೆರೆ ಎಳೆದೆ. ಬಿಸಿಲಿಗೆ ಕಾದ ನೆಲ ಹಿಂದಿನಿಂದಲೇ ಅದನ್ನು ಕುಡಿಯುತ್ತ ಬಂತು. ಬಾನೆಟ್ಟಿನ ಮೇಲೆ ಬೆಲ್ಲ ಇಟ್ಟೆ. ಇನ್ನು ಆ ಮಾತೊಂದು ಉಳಿದಿತ್ತು. ಒಳಗಿನಿಂದ ಮತ್ತೆ ಫಕ್ಕೀರಾ ಎಂದು ಕೇಳಿಸಿತು. ಆಗ ಹೇಳಿದೆ. ಹೇಳಿ ಮುಗಿದ ಮೇಲೂ ಅದೇ ಓಣಿ, ಅದೇ ಬಿಸಿಲು, ಕಾರ್ಯಾಲಯದಿಂದ ಅದೇ ಹಾಡು.

ಕೂಡಲೇ ಫಕ್ಕೀರೇಶನ ನಂಬರಿಗೆ ಫೋನ್ ಹಚ್ಚಿದೆ.

"ಯಾರ್ರಿ?" ಎಂದ. ದನಿ ಅದೇ. "ನನ್ನ ಫೋನಿನ್ಯಾಗ ಮನಿ ಅಂತ ಬರಾಕತ್ತೈತಿ. ಯಾರ ಮನಿರಿ ಇದು?"

"ನೀವು ನಮ್ಮನ್ನ ಗುರುತಿಸಂಗಿಲ್ರಿ. ಗಿರಣಿ ತಿರುವಿನಾಚೆ ಮಂಗಲ ಕಾರ್ಯಾಲಯದ ಓಣಿ ನಮ್ಮದು. ಇಲ್ಲೊಬ್ಬಾಕಿ ಮುದುಕಿ ಸಾಯಾಕತ್ತಾಳ. ಮಗ ಬರಾಕ ಆಗವಲ್ದು. ಆಕೀಗೆ ಒಂದು ಕೈ ಬೇಕಾಗೇತ್ರಿ ಹಿಡ್ಕೊಳ್ಳಾಕ. ಸ್ವಲ್ಪ ಹೊತ್ತು ಬಂದು ಕುಂದರ್ತೀರೇನು?"

ಎಂಥ ಮಾತು ಇದು! ಬೇರೆ ಯಾರಾದರೂ ಆಗಿದ್ದರೆ ಹುಚ್ಚಿ ಎಂದು ಫೋನ್ ಇಡುತ್ತಿದ್ದರು. ಅತ್ತ ಟೆಂಪೋ ಚಾಲೂ ಆದ ಸದ್ದು ಕೇಳಿತು. ಆಮೇಲೆ, "ಗಾಡಿ ತುಂಬ ಖಾಲಿ ಟ್ರೇ ಅದಾವ್ರಿ, ಅರ್ಜೆಂಟ್ ಏನಿಲ್ಲ. ಬರ್ತೀನಿ" ಎಂದ.

ಕರೆದ ತಕ್ಷಣವೇ ಎಂಬಂತೆ ಟೆಂಪೋ ಓಣಿಗೆ ಬಂತು. ಊರು ಅಷ್ಟು ಹತ್ತಿರವಿತ್ತು. ಗೂಳಪ್ಪನ ಮುಂದೆ ನಿಧಾನ ಮಾಡಿ, "ಇಲ್ಲಿ ನಿಲ್ಸಿದ್ರ ಯಾರಿಗರ ತ್ರಾಸ ಆಗತೈತೇನ್ರಿ?" ಎಂದು ಕೇಳಿದ. ನಿನ್ನೆಯ ತನಕ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಿದವರು. ಗೂಳಪ್ಪ ಬೇವಿನ ಗಿಡದ ಕಡೆ ಕೈ ತೋರಿಸಿದ. ಫಕ್ಕೀರೇಶ ಅಲ್ಲಿ ಗಾಡಿ ಬಿಟ್ಟು, ಮನೆ ಮನೆಯ ಬಾಗಿಲು ನೋಡುತ್ತ ಬಂದ. ನಮ್ಮ ಮನೆಯನ್ನೂ ದಾಟಿ ಮುಂದೆ ಹೋದ. ನಾನೇ ಕರೆಯಬೇಕಾಯಿತು.

"ನೀವ ಏನ್ರಿ ಅಕ್ಕಾರ ಫೋನ್ ಮಾಡಿದ್ದು?" ಎಂದ.

ಅಕ್ಕಾರ ಎಂದ. ನಾನು ಹೌದೆಂದು ದಾರಿ ಬಿಟ್ಟೆ. ಅವನು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ, ಮಣ್ಣಿನಲ್ಲೇ ಬಿಟ್ಟು ಒಳಗೆ ಬಂದ. ಎಲ್ಲಾದರೂ ಒಂದು ಗುರುತು ಸಿಕ್ಕೀತೇನೋ ಎಂದು ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ತಾನೇ ಕಟ್ಟಿದ ಅಟ್ಟದ ಕೆಳಗೆ ತಲೆ ಬಗ್ಗಿಸುವುದು ಗೊತ್ತಾಗದೆ ಹಣೆ ತಾಗಿಸಿಕೊಂಡ. ಕೈ ತೊಳೆಯಲು ನೀರು ಎಲ್ಲಿದೆ ಎಂದು ಕೇಳಿದ.

ಹಾಸಿಗೆಯ ಪಕ್ಕ ಕೂತು ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅತ್ತೆ ಅವನ ಹೆಬ್ಬೆರಳನ್ನು ತಡವಿದಳು, ಸ್ಟೇರಿಂಗ್ ಹಿಡಿದು ದಡ್ಡುಗಟ್ಟಿದ ಅಂಗೈ ತಡವಿದಳು. ಮುಖ ಸಡಿಲಾಯಿತು. "ಬಂದ್ಯಾ?" ಎಂದಳು.

ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವಳ ಕಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ, "ಬಂದೆನವ್ವ" ಎಂದ.

"ಎಷ್ಟೊತ್ತು ಮಾಡಿದೆಪ್ಪಾ. ದಾರ್ಯಾಗ ಯಾರನ್ನ ಹತ್ತಿಸಿಕೊಂಡಿದ್ದಿ?"

"ಒಬ್ಬಾಕಿ ಮುದುಕಿನ್ನ ಬಿಟ್ಟ ಬರಬೇಕಾತವ್ವ" ಎಂದ. ಅದನ್ನು ಅವಳಿಗಾಗಿ ಕಟ್ಟಿ ಹೇಳಿದ್ದು. ಅತ್ತೆ ನಕ್ಕಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವಳು ಏನೇನೋ ಹೇಳಿದಳು, ಎಮ್ಮೆ ಮಾರಿದ್ದು, ಅವನಪ್ಪ ಸತ್ತದ್ದು. ಅವನು ಎಲ್ಲದಕ್ಕೂ ಹೂಂಗುಟ್ಟಿದ. ಕೊನೆಗೆ ಅವನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗುಟ್ಟಿನಂತೆ ಏನೋ ಅಂದಳು, ನನಗೆ ಕೇಳಲಿಲ್ಲ. "ಆಗಲೆವ್ವ" ಎಂದು ಅವನು ಹೇಳಿದ್ದು ಕೇಳಿಸಿತು. ಹೊರಗೆ ಬೆಳಕು ಕೆಂಪಾಗುವ ಹೊತ್ತಿಗೆ ಉಸಿರು ಒಮ್ಮೆ ಹೋಗಿ, ಇನ್ನೊಮ್ಮೆ ಬಂದು, ಆಮೇಲೆ ಬರಲಿಲ್ಲ. ಅವನು ಕೈ ಬಿಡಿಸಿಕೊಳ್ಳದೆ ಹಾಗೇ ಇನ್ನೂ ಸ್ವಲ್ಪ ಹೊತ್ತು ಕೂತಿದ್ದ.

ಹೆಂಗಸರು ಒಳಗೆ ಬಂದರು. ಅವನು ಎದ್ದು ಹೊರಗೆ ಹೋದ, ನಾನು ಹಿಂದೆಯೇ ಹೋದೆ. ಮೆಟ್ಟಿಲ ಮೇಲೆ ನಿಂತು ಮುಖ ಒರೆಸಿಕೊಂಡ. "ನನ್ನನ್ನ ಮಗ ಅಂತ ತಿಳಕೊಂಡ್ರು ಪಾಪ. ನಾ ಅಲ್ಲ ಅನ್ನಲಿಲ್ಲ. ತಪ್ಪಾತೇನ್ರಿ?"

"ಇಲ್ರಿ. ತಪ್ಪೇನೂ ಆಗಲಿಲ್ಲ" ಎಂದೆ. ಕೇಳಬಾರದೆಂದುಕೊಂಡರೂ ಬಾಯಿಗೆ ಬಂತು. "ನಿಮ್ಮ ಮನಿ ಎಲ್ಲಿರಿ?"

ಅವನು ಯೋಚಿಸಿದ. ಯಾರೋ ಕಷ್ಟದ ಲೆಕ್ಕ ಕೇಳಿದಂತೆ ಹುಬ್ಬು ಗಂಟಿಕ್ಕಿದ. "ನಮ್ಮಂಥವ್ರಿಗೆ ಗಾಡೀನ ಮನಿರಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಎರಡು ಹೆಜ್ಜೆ ಹೋದವನು ನಿಂತು ತಿರುಗಿದ.

"ಅಕ್ಕಾರ, ಕಸ್ತೂರಿ ಅಂದ್ರ ಯಾರ್ರಿ?"

"ಯಾಕ್ರಿ?"

"ಆಕಿನ್ನ ಚೆಂದಾಗಿ ನೋಡ್ಕೊ, ಆಕೀಗೆ ನಾವ ಇಬ್ಬರ ಇರೂದು ಅಂದ್ರು ಅಜ್ಜಿ. ಆಗಲಿ ಅಂತ ಮಾತ ಕೊಟ್ಟಬಿಟ್ಟೆ. ಸಾಯೂ ಜೀವಕ್ಕ ಇಲ್ಲ ಅನ್ನಾಕ ಆಗಲಿಲ್ಲ." ಮುಖದಲ್ಲಿ ನಿಜವಾದ ಚಿಂತೆಯಿತ್ತು. "ಅವರ ಮಗ ಬಂದ್ರ ಹೇಳ್ರಿ. ನಿನ್ನ ಪರವಾಗಿ ಯಾರೋ ಒಬ್ಬಾಂವ ಮಾತ ಕೊಟ್ಟಾನ, ನೀ ಅದನ್ನ ನಡಸಬೇಕು ಅಂತ. ಮರೀಬ್ಯಾಡ್ರಿ."

"ಹೇಳ್ತೀನ್ರಿ" ಎಂದೆ.